ಸರ್ವೋ ನಡುಗಿದಾಗ

2003ನೆಯ ಇಸವಿಯ ಆಗಸ್ಟ್ 9ರಂದು ಕೆನಡಾ ದೇಶದ ನ್ಯೂಫೌಂಡ್‌ಲೆಂಡ್ ದ್ವೀಪದ ಪೂರ್ವದಂಚಿನಲ್ಲಿರುವ ಕೇಪ್ ಸ್ಪಿಯರ್ ಎಂಬ ಭೂಶಿರದಿಂದ, ಬಾಲ್ಸಾ ಮರದ ಪಟ್ಟಿಗಳಿಂದ ಕಟ್ಟಿ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದ್ದ, ಇಂಧನವೂ ಸೇರಿ ಐದು ಕಿಲೋಗ್ರಾಮಿನಷ್ಟೂ ತೂಗದಿದ್ದ ಒಂದು ಮಾದರಿ ವಿಮಾನವು ಮೇಲೆದ್ದು, ಅಟ್ಲಾಂಟಿಕ್ ಮಹಾಸಾಗರದ ಮೇಲೆ ಎರಡು ರಾತ್ರಿಗಳನ್ನು ಕಳೆದು, 38 ಗಂಟೆ 52 ನಿಮಿಷಗಳ ಅನಂತರ ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಕ್ಲಿಫ್ಡೆನ್ ಪಟ್ಟಣದ ಸಮೀಪ ಇಳಿಯಿತು. ಅದನ್ನು ನಿರ್ಮಿಸಿದ ಅಮೆರಿಕದ ಮೇನಾರ್ಡ್ ಹಿಲ್ ಅವರಿಗೆ ಆಗ 77 ವರ್ಷ ವಯಸ್ಸು. ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಕುಂದಿಹೋಗಿತ್ತು. ಆ ಸಾಹಸವನ್ನು ಕೊಂಡಾಡಿದವರು ಉಪಗ್ರಹಗಳ ನೆರವಿನಿಂದ ದಾರಿಯನ್ನು ಕಂಡುಕೊಂಡ ಸ್ವಯಂಚಾಲಕವನ್ನೂ, ಅಲ್ಪ ಇಂಧನದಲ್ಲಿ ಅಷ್ಟು ದೂರ ಸಾಗಿದ ಎಂಜಿನನ್ನೂ ಕೊಂಡಾಡಿದರು. ಅದು ಯುಕ್ತವೇ ಸರಿ. ಆದರೆ ಸ್ವಯಂಚಾಲಕವು ಕೈಕೊಂಡ ನಿರ್ಣಯಗಳೆಲ್ಲವೂ ಕಟ್ಟಕಡೆಗೆ ಕಾರ್ಯರೂಪಕ್ಕೆ ಬಂದದ್ದು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದಾದ, ವಿಮಾನದ ಫಲಕಗಳನ್ನು ಎಳೆದು ತಳ್ಳುವ ಪೆಟ್ಟಿಗೆಗಳಿಂದ. ಅವುಗಳ ಒಳಗಿನ ಒಂದು ಗೇರಿನ ಒಂದೇ ಒಂದು ಹಲ್ಲು ನಡುಗಡಲಿನಲ್ಲಿ ಮುರಿದಿದ್ದರೆ ಮಿಕ್ಕ ಜಾಣತನವೆಲ್ಲವೂ ನೀರುಪಾಲಾಗುತ್ತಿತ್ತು.

ಆ ಪೆಟ್ಟಿಗೆಯೇ ಸರ್ವೋ. ರೇಡಿಯೋ ಮೂಲಕ ನಡೆಯುವ ಮಾದರಿ ವಿಮಾನದ ರೆಕ್ಕೆಯಲ್ಲಿರುವ ಐಲರಾನ್, ಬಾಲದಲ್ಲಿರುವ ಎಲಿವೇಟರ್ ಮತ್ತು ರಡ್ಡರ್ ಎಂಬ ನಿಯಂತ್ರಣ ಫಲಕಗಳನ್ನು, ನೆಲದ ಮೇಲೆ ನಿಂತವನ ಬೆರಳಿನ ಚಲನೆಗೆ ಅನುಸಾರವಾಗಿ ತಿರುಗಿಸುವುದು ಇದರ ಕೆಲಸ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿ ಕೊಳ್ಳುವ ಒಂಬತ್ತು ಗ್ರಾಂ ತೂಕದ ನೀಲಿಬಣ್ಣದ ಸರ್ವೋವಿನಿಂದ ಹಿಡಿದು, ದೊಡ್ಡ ಪೆಟ್ರೋಲ್ ಎಂಜಿನಿನ ಮಾದರಿಗಳಲ್ಲಿ ಕೂರಿಸುವ ಲೋಹದ ಗೇರಿನ ಬಲಿಷ್ಠ ಸರ್ವೋವಿನವರೆಗೆ ಇದರಲ್ಲಿ ಹತ್ತಾರು ಜಾತಿಗಳುಂಟು. ಒಳಗಿನ ತತ್ತ್ವ ಮಾತ್ರ ಎಲ್ಲದರಲ್ಲಿಯೂ ಒಂದೇ. ಎನ್.ಸಿ.ಸಿ. ವಾಯುವಿಭಾಗದ ಕೆಡೆಟ್ಟುಗಳಾಗಲಿ, ಕಾಲೇಜಿನ ಹುಡುಗ ಹುಡುಗಿಯರಾಗಲಿ, ನಿವೃತ್ತರಾದ ಮೇಲೆ ಈ ಹವ್ಯಾಸವನ್ನು ಹಿಡಿದ ಹಿರಿಯರಾಗಲಿ, ಮೈದಾನದಲ್ಲಿ ವಿಮಾನವು ಹೇಳಿದಂತೆ ಕೇಳದಿದ್ದಾಗ ಮೊದಲು ಆಡುವ ಮಾತು ‘ಸರ್ವೋ ಕೆಟ್ಟಿದೆ’ ಎಂಬುದು. ಈ ಪುಟ್ಟ ಯಂತ್ರದ ಮೇಲೆ ಹೀಗೆ ಹೊರಿಸಲ್ಪಡುವ ಅಪವಾದಗಳಲ್ಲಿ ಹೆಚ್ಚಿನ ಪಾಲು ನ್ಯಾಯವಾದುದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಏಕೆಂಬುದನ್ನು ಕೊಂಚ ಸಾವಕಾಶವಾಗಿ ನಿರೂಪಿಸಬೇಕಾಗಿದೆ.

ಸರ್ವೋವಿನ ಒಳಗಿರುವ ಮುಖ್ಯಾಂಗಗಳು ನಾಲ್ಕೇ: ಒಂದು ಚಿಕ್ಕ ವಿದ್ಯುತ್ ಮೋಟಾರು, ಅದರ ಅತಿವೇಗದ ತಿರುಗುವಿಕೆಯನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳ ಸಾಲು, ಹೊರಕ್ಕೆ ಚಾಚಿರುವ ಅಕ್ಷದೊಡನೆ ತಾನೂ ತಿರುಗುತ್ತ, ಆ ಅಕ್ಷವು ಯಾವ ಕೋನದಲ್ಲಿದೆ ಎಂಬುದನ್ನು ಕ್ಷಣಕ್ಷಣಕ್ಕೂ ವರದಿಮಾಡುವ ಪೊಟೆನ್ಷಿಯೋಮೀಟರು, ಇವೆಲ್ಲದರ ಮೇಲ್ವಿಚಾರಣೆ ನಡೆಸುವ ಒಂದು ವಿದ್ಯುನ್ಮಂಡಲ. ವಿಮಾನದಲ್ಲಿರುವ ರಿಸೀವರಿನಿಂದ ಸರ್ವೋವಿಗೆ ಸೆಕೆಂಡಿಗೆ ಸುಮಾರು 50 ಬಾರಿ ಒಂದೊಂದು ವಿದ್ಯುತ್ ಮಿಡಿತವು ಬರುತ್ತದೆ. ಆ ಮಿಡಿತವು 1.5 ಮಿಲಿಸೆಕೆಂಡು ಕಾಲ ಇದ್ದರೆ ಸರ್ವೋವಿನ ತೋಳು ನಡುವೆ ನಿಲ್ಲಬೇಕೆಂದೂ, 1 ಮಿಲಿಸೆಕೆಂಡಿನತ್ತ ಕುಗ್ಗಿದರೆ ಒಂದು ಕಡೆಗೆ, 2 ಮಿಲಿಸೆಕೆಂಡಿನತ್ತ ಹಿಗ್ಗಿದರೆ ಇನ್ನೊಂದು ಕಡೆಗೆ ತಿರುಗಬೇಕೆಂದೂ ಏರ್ಪಾಡು. ವಿದ್ಯುನ್ಮಂಡಲವು ಬಂದ ಆಜ್ಞೆಯನ್ನೂ ಪೊಟೆನ್ಷಿಯೋಮೀಟರು ತಿಳಿಸುವ ವಾಸ್ತವಸ್ಥಿತಿಯನ್ನೂ ತಾಳೆನೋಡಿ, ಇವೆರಡಕ್ಕೂ ಅಂತರವಿರುವಷ್ಟು ಕಾಲ ಮೋಟಾರನ್ನು ತಿರುಗಿಸುತ್ತದೆ; ಅಂತರವಳಿದೊಡನೆ ನಿಲ್ಲಿಸುತ್ತದೆ; ಗಾಳಿಯ ಒತ್ತಡಕ್ಕೆ ಸಿಕ್ಕಿ ಫಲಕವು ತುಸು ಸರಿಯಿತೆಂದರೆ ಯಾರ ಅಪ್ಪಣೆಗೂ ಕಾಯದೆ ಮತ್ತೆ ಸ್ವಸ್ಥಾನಕ್ಕೆ ತರಲು ಹೆಣಗುತ್ತದೆ.

ಹೀಗೆ ತಾಳೆನೋಡಿ ತಿದ್ದಿಕೊಳ್ಳುವ ಗುಣವು ಮಾದರಿ ವಿಮಾನಗಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ನಗರದಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1937ರಲ್ಲಿ ‘ಗಫ್’ ಎಂಬ ತಮ್ಮ ವಿಮಾನವನ್ನು ರೇಡಿಯೋ ಮೂಲಕ ನಡೆಸಿದಾಗ, ಫಲಕಗಳನ್ನು ಸರಿಸುತ್ತಿದ್ದುದು ಹುರಿಮಾಡಿದ ರಬ್ಬರಿನ ಬಲ. ಸಂಕೇತವು ಬಂದಾಗ ಎಸ್ಕೇಪ್‌ಮೆಂಟ್ ಎಂಬ ತಡೆಯು ಆ ಬಲವನ್ನು ಒಂದೊಂದು ಹೆಜ್ಜೆಯಾಗಿ ಬಿಡುಗಡೆ ಮಾಡುತ್ತಿತ್ತು. ಇಂತಹ ಸಾಧನದಲ್ಲಿ ಫಲಕವು ಪೂರ್ತಿ ಎಡಕ್ಕೋ, ಪೂರ್ತಿ ಬಲಕ್ಕೋ, ಇಲ್ಲವೆ ನಡುವಿಗೋ ಹೋಗಬಹುದೇ ವಿನಾ ‘ಇಷ್ಟೇ ತಿರುಗು’ ಎಂದು ಅದಕ್ಕೆ ಹೇಳುವ ಉಪಾಯವಿರಲಿಲ್ಲ. ಆ ವಿಮಾನವು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಬೆರಳು ಸರಿದಷ್ಟೇ ಫಲಕವೂ ಸರಿಯುವ ಅನುಪಾತ ನಿಯಂತ್ರಣವು 1960ರ ದಶಕದಲ್ಲಿ ಬಳಕೆಗೆ ಬಂದ ತರುವಾಯವೇ ಇಂದಿನ ಅರ್ಥದ ಸರ್ವೋ ಹವ್ಯಾಸಿಗಳ ಕೈಸೇರಿತು.

ಈ ತಿದ್ದಿಕೊಳ್ಳುವ ಗುಣವನ್ನು ವಿವರಿಸಿದುದಕ್ಕೆ ಕಾರಣವಿದೆ. ಸರ್ವೋ ತನಗೆ ಎದುರಾದ ಅಡ್ಡಿಯನ್ನು ಸುಮ್ಮನೆ ಸಹಿಸಿಕೊಂಡಿರಲಾರದು. ಫಲಕದ ಕೀಲು ಬಿಗಿಯಾಗಿದ್ದರೆ ಅದು ಎಡೆಬಿಡದೆ ಗುಂಯ್‌ಗುಡುತ್ತದೆ; ವಿದ್ಯುತ್ತು ಸಾಲದಿದ್ದರೆ ತಡವರಿಸುತ್ತದೆ; ತಂತಿಯ ಸಂಪರ್ಕವು ಬಿಟ್ಟು ಬಿಟ್ಟು ಬರುತ್ತಿದ್ದರೆ ನಡುಗುತ್ತದೆ. ರೋಗವು ಎಲ್ಲಿಯೇ ಇರಲಿ, ಲಕ್ಷಣವು ಕಾಣಿಸಿಕೊಳ್ಳುವುದು ಸರ್ವೋವಿನಲ್ಲಿ. ಆದುದರಿಂದಲೇ ಅವಸರದಲ್ಲಿ ಸರ್ವೋವನ್ನು ಬದಲಾಯಿಸಿದವನು, ಹೊಸ ಸರ್ವೋವೂ ನಾಲ್ಕು ದಿನಗಳಲ್ಲಿ ಅದೇ ರೋಗವನ್ನು ತೋರಿಸಿದಾಗ, ಮಾರಿದ ಅಂಗಡಿಯನ್ನೋ ತಯಾರಿಸಿದ ದೇಶವನ್ನೋ ದೂಷಿಸುವಂತಾಗುತ್ತದೆ. ಪರೀಕ್ಷೆಯು ಫಲಕದಿಂದ ಆರಂಭವಾಗಿ ಹಿಂದುಹಿಂದಕ್ಕೆ ಸಾಗತಕ್ಕದ್ದು. ಮೊದಲು ಕೀಲು, ಆಮೇಲೆ ಕಡ್ಡಿ, ಆಮೇಲೆ ವಿದ್ಯುತ್ತು ಮತ್ತು ತಂತಿ, ಇವೆಲ್ಲವೂ ನಿರ್ದೋಷಿಗಳೆಂದು ಗೊತ್ತಾದ ಮೇಲೆ ಸರ್ವೋ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿ ಗುಣ ಕಂಡವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ದೋಷವು ಮರಳಿ ಬಂದಾಗ ಅವನು ಮೊದಲಿದ್ದಲ್ಲಿಯೇ ಇರುತ್ತಾನೆ.

ಪರೀಕ್ಷೆಗೆ ಕೈಹಚ್ಚುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವಿದ್ಯುತ್ ಮೋಟಾರಿನ ವಿಮಾನವಾದರೆ ಪ್ರೊಪೆಲರನ್ನು ಬಿಚ್ಚಿ ಪಕ್ಕಕ್ಕಿಟ್ಟ ತರುವಾಯವೇ ಬ್ಯಾಟರಿಯನ್ನು ಜೋಡಿಸಬೇಕು. ಮೇಜಿನ ಮೇಲೆ ಬಾಗಿ ಫಲಕವನ್ನು ದಿಟ್ಟಿಸುತ್ತಿರುವವನ ಮೊಳಕೈ ತಗುಲಿ, ಮೋಟಾರಿನ ವೇಗವನ್ನು ಏರಿಳಿಸುವ ಥ್ರಾಟಲ್ ಸರಿದರೆ ಆಗುವ ಗಾಯವು ಸಾಮಾನ್ಯವಾದುದಲ್ಲ.

ಇನ್ನು ಮೊದಲನೆಯ ಪರೀಕ್ಷೆ, ಮತ್ತು ನನ್ನ ಮತದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆ: ಸರ್ವೋವಿನ ತೋಳಿನಿಂದ ಪುಷ್‌ರಾಡನ್ನು, ಎಂದರೆ ಫಲಕಕ್ಕೆ ಹೋಗುವ ಕಡ್ಡಿಯನ್ನು, ಕಳಚಿಬಿಡುವುದು. ಗುಂಯ್‌ಗುಡುತ್ತಿದ್ದ ಸರ್ವೋ ಕಡ್ಡಿಯನ್ನು ಕಳಚಿದೊಡನೆ ಮೌನವಾಯಿತೆಂದರೆ ಅದು ನಿರಪರಾಧಿ. ಅಡ್ಡಿಯು ಕಡ್ಡಿಯಲ್ಲಿಯೋ ಕೀಲಿನಲ್ಲಿಯೋ ಇದೆ. ಈಗ ಬೆರಳಿನಿಂದ ಫಲಕವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿದರೆ ಅದು ತನ್ನ ತೂಕಕ್ಕೆ ತಾನೇ ಇಳಿಯುವಷ್ಟು ಸಲೀಸಾಗಿರಬೇಕು. ಹಾಗಿಲ್ಲದಿದ್ದರೆ, ಅಂಟು ಕೀಲಿನೊಳಗೆ ಸೇರಿ ಗಟ್ಟಿಯಾಗಿರಬಹುದು. ಮೂರು ಕೀಲುಗಳು ಒಂದೇ ಸರಳರೇಖೆಯಲ್ಲಿ ಇಲ್ಲದೆ ಒಂದರೊಡನೊಂದು ಜಗಳವಾಡುತ್ತಿರಬಹುದು. ಹೊದಿಕೆಯ ಹಾಳೆಯು ಸಂದಿಯಲ್ಲಿ ಸಿಕ್ಕಿಕೊಂಡಿರಬಹುದು. ಫಲಕವು ಸಲೀಸಾಗಿದ್ದು, ಕಡ್ಡಿಯನ್ನು ಅದರ ಕೊಳವೆಯೊಳಗೆ ಜಾರಿಸುವಾಗ ತಡೆ ತೋರಿದರೆ, ಕೊಳವೆಯ ತಿರುವು ಅತಿಯಾಗಿದೆಯೆಂದೋ ಕಡ್ಡಿ ಬಾಗಿದೆಯೆಂದೋ ತಿಳಿಯಬೇಕು. ಇವೆರಡೂ ಸರಿಯಿದ್ದು, ಕೈಯಲ್ಲಿ ಹಿಡಿದ ಟ್ರಾನ್ಸ್‌ಮಿಟರಿನ ಸ್ಟಿಕ್ಕನ್ನು ತುದಿಗೆ ಒತ್ತಿದಾಗ ಮಾತ್ರ ಸರ್ವೋ ನರಳುವುದಾದರೆ, ಫಲಕವು ತನ್ನ ಚಲನೆಯ ಮಿತಿಯನ್ನು ಮುಟ್ಟಿದ ಮೇಲೂ ಸರ್ವೋ ಮುಂದಕ್ಕೆ ಹೋಗಲು ಹವಣಿಸುತ್ತಿದೆ ಎಂದರ್ಥ. ನಿಶ್ಚಿಂತೆಯಿಂದ ನಿಂತ ಸರ್ವೋ ಕೆಲವೇ ಮಿಲಿ ಆಂಪಿಯರ್ ವಿದ್ಯುತ್ತನ್ನು ಸೇವಿಸಿದರೆ, ಹೀಗೆ ಗೋಡೆಗೆ ಒತ್ತಿಕೊಂಡು ನಿಂತ ಸರ್ವೋ ನೂರಾರು ಮಿಲಿ ಆಂಪಿಯರ್ ಸೇವಿಸಿ, ಬ್ಯಾಟರಿಯನ್ನು ಬರಿದು ಮಾಡುವುದಲ್ಲದೆ ತನ್ನ ಮೋಟಾರನ್ನೂ ಸುಟ್ಟುಕೊಳ್ಳುತ್ತದೆ. ಡಿಜಿಟಲ್ ಎಂದು ಹೆಸರುಳ್ಳ ಸರ್ವೋಗಳು ಮಾತ್ರ, ಸೆಕೆಂಡಿಗೆ ಸುಮಾರು 300 ಬಾರಿ ಮೋಟಾರನ್ನು ತಿದ್ದುವ ಸ್ವಭಾವದವಾದುದರಿಂದ, ಸ್ವಲ್ಪ ಭಾರ ಬಿದ್ದರೂ ಸಣ್ಣಗೆ ಗುನುಗುತ್ತವೆ, ಅದು ದೋಷವಲ್ಲ.

ನಡುಬಿಂದುವಿನ ಪರೀಕ್ಷೆಯೂ ಇಲ್ಲಿಯೇ ಆಗಬೇಕು. ಸ್ಟಿಕ್ಕನ್ನು ಎಡದ ತುದಿಯಿಂದ ಮೆಲ್ಲನೆ ನಡುವಿಗೆ ತಂದು ಫಲಕವು ನಿಂತ ಜಾಗವನ್ನು ಗುರುತುಮಾಡಿ, ಅನಂತರ ಬಲದ ತುದಿಯಿಂದ ನಡುವಿಗೆ ತಂದು ನೋಡಿದರೆ, ಎರಡು ಸಲವೂ ಅದು ಒಂದೇ ಕಡೆ ನಿಲ್ಲಬೇಕು. ನಿಲ್ಲದಿದ್ದರೆ ಹಾರಾಟದಲ್ಲಿ ಟ್ರಿಮ್ ಎಂಬುದು, ಎಂದರೆ ಸ್ಟಿಕ್ಕನ್ನು ಮುಟ್ಟದೆಯೂ ವಿಮಾನವು ಸಮವಾಗಿ ಸಾಗುವ ಹೊಂದಾಣಿಕೆಯು, ಎಂದಿಗೂ ಕೈಗೆ ಹತ್ತುವುದಿಲ್ಲ. ಎಲಿವೇಟರನ್ನು ಎಷ್ಟು ಬಾರಿ ತಿದ್ದಿದರೂ ವಿಮಾನವು ಒಮ್ಮೆ ಮೂಗೆತ್ತಿ ಇನ್ನೊಮ್ಮೆ ಮೂಗಿಳಿಸಿ ಪೈಲಟನ್ನು ದಣಿಸುತ್ತದೆ. ಕಡ್ಡಿಯನ್ನು ಕಳಚಿದ ಸರ್ವೋ ಒಂದೇ ಕಡೆಗೆ ಮರಳುತ್ತ, ಕಡ್ಡಿಯನ್ನು ಜೋಡಿಸಿದಾಗ ಮಾತ್ರ ಬೇರೆ ಬೇರೆ ಕಡೆ ನಿಂತರೆ, ಘರ್ಷಣೆಯೋ ಸಡಿಲವೋ ಕಾರಣ. ಸಡಿಲವು ಎಲ್ಲಿದೆಯೆಂಬುದನ್ನು ತಿಳಿಯಲು, ಸರ್ವೋವಿಗೆ ವಿದ್ಯುತ್ತು ಹರಿಯುತ್ತಿರುವಾಗಲೇ ಫಲಕದ ಹಿಂದಂಚನ್ನು ಎರಡು ಬೆರಳುಗಳಿಂದ ಹಿಡಿದು ಅಲುಗಿಸಿ, ಆ ಅಲುಗಾಟವು ಕಡ್ಡಿಯ ಉದ್ದಕ್ಕೂ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಸಾಮಾನ್ಯವಾಗಿ ಅದು ತೋಳಿನ ರಂಧ್ರದಲ್ಲಿ ಸಿಕ್ಕುತ್ತದೆ: ಒಂದೂವರೆ ಮಿಲಿಮೀಟರ್ ದಪ್ಪದ ತಂತಿಗೆ ಎರಡು ಮಿಲಿಮೀಟರಿನ ರಂಧ್ರವನ್ನು ಕೊರೆದವರ ಅವಸರವೇ ಅದಕ್ಕೆ ಹೊಣೆ. ನೈಲಾನ್ ಕೊಳವೆಗಳನ್ನೇ ಕಡ್ಡಿಯಾಗಿ ಬಳಸುವವರು ಇನ್ನೊಂದನ್ನು ನೆನಪಿಡಬೇಕು. ನೈಲಾನ್ ಬಿಸಿಲಿಗೆ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಸರಿಪಡಿಸಿದ ಎಲಿವೇಟರು, ನಮ್ಮ ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ತಾನಾಗಿಯೇ ತುಸು ಸರಿದಿರುವುದುಂಟು. ಅದನ್ನು ಕಂಡು ಸರ್ವೋವನ್ನು ಸಂಶಯಿಸುವುದು ವ್ಯರ್ಥ.

ತೋಳಿನ ಉದ್ದದ ವಿಚಾರದಲ್ಲಿಯೂ ಒಂದು ಮಾತಿದೆ. ಮೂರು ಕಿಲೋಗ್ರಾಂ-ಸೆಂಟಿಮೀಟರ್ ಬಲದ ಸರ್ವೋ ಎಂದರೆ, ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಮೂರು ಕಿಲೋಗ್ರಾಂ ತೂಕವನ್ನು ತಡೆಯಬಲ್ಲದು, ಎರಡು ಸೆಂಟಿಮೀಟರ್ ದೂರದಲ್ಲಿ ಒಂದೂವರೆಯನ್ನು ಮಾತ್ರ. ಫಲಕವನ್ನು ದೊಡ್ಡದಾಗಿ ತಿರುಗಿಸುವ ಆಸೆಯಿಂದ ಕಡ್ಡಿಯನ್ನು ತೋಳಿನ ಹೊರರಂಧ್ರಕ್ಕೂ, ಫಲಕದ ಮೇಲೆ ಕೊಂಬಿನಂತೆ ನಿಂತಿರುವ ಹಾರ್ನಿನ ಒಳರಂಧ್ರಕ್ಕೂ ಜೋಡಿಸಿ, ಆಮೇಲೆ ಚಲನೆ ಅತಿಯಾಯಿತೆಂದು ಟ್ರಾನ್ಸ್‌ಮಿಟರಿನಲ್ಲಿ ಅದನ್ನು ಅರ್ಧಕ್ಕೆ ಇಳಿಸುವ ಪದ್ಧತಿಯನ್ನು ಹಲವರು ಅನುಸರಿಸುತ್ತಾರೆ. ಇದರಿಂದ ಬಲವೂ ನಷ್ಟ, ಸೂಕ್ಷ್ಮತೆಯೂ ನಷ್ಟ. ಇದ್ದ ಸಡಿಲವು ಮಾತ್ರ ಫಲಕದಲ್ಲಿ ಹಿಗ್ಗಿ ತೋರುತ್ತದೆ. ತೋಳು ಗಿಡ್ಡವಾಗಿಯೂ ಹಾರ್ನ್ ಎತ್ತರವಾಗಿಯೂ ಇದ್ದು ಸರ್ವೋ ತನ್ನ ಪೂರ್ಣ ಚಲನೆಯನ್ನು ಬಳಸುವಂತೆ ಏರ್ಪಡಿಸುವುದು ಸರಿಯಾದ ಕ್ರಮ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನು, ಎಂದರೆ ವೇಗವು ಎರಡರಷ್ಟಾದರೆ ಒತ್ತಡವು ನಾಲ್ಕರಷ್ಟಾಗುತ್ತದೆ ಎಂಬುದನ್ನು, ನೆನೆದರೆ, ಮೇಜಿನ ಮೇಲೆ ಲವಲವಿಕೆಯಿಂದ ಆಡುವ ಎಲಿವೇಟರು ನೇರ ಧುಮುಕಿನಲ್ಲಿ ಏಕೆ ಮೇಲೇಳಲೊಲ್ಲದು ಎಂಬುದರ ರಹಸ್ಯವು ಬಿಡಿಸಿಕೊಳ್ಳುತ್ತದೆ.

ಕಡ್ಡಿ ಕೀಲುಗಳು ನಿರ್ದೋಷಿಗಳೆಂದಾದ ಮೇಲೆ ವಿದ್ಯುತ್ತಿನ ಸರದಿ. ಇಲ್ಲಿ ಅಡಗಿರುವ ದೋಷವು ಎಲ್ಲಕ್ಕಿಂತ ಅಪಾಯಕರವಾದುದು. ಏಕೆಂದರೆ ಅದು ಮೇಜಿನ ಮೇಲೆ ಕಾಣಿಸಿಕೊಳ್ಳದೆ ಆಕಾಶದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಚಿಕ್ಕ ವಿದ್ಯುತ್ ವಿಮಾನಗಳಲ್ಲಿ ರಿಸೀವರಿಗೂ ಸರ್ವೋಗಳಿಗೂ ಬೇರೆ ಬ್ಯಾಟರಿಯಿರುವುದಿಲ್ಲ. ಮೋಟಾರಿನ ವೇಗನಿಯಂತ್ರಕದೊಳಗೇ ಇರುವ ಬಿ.ಇ.ಸಿ. ಎಂಬ ಭಾಗವು ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ಇವುಗಳಿಗೆ ಹಂಚುತ್ತದೆ. ನೆಲದ ಮೇಲೆ ಒಂದೊಂದೇ ಫಲಕವನ್ನು ಆಡಿಸಿ ನೋಡಿದಾಗ ಎಲ್ಲವೂ ಸರಿಯಾಗಿರುತ್ತದೆ. ಆಕಾಶದಲ್ಲಿ ಒಂದು ಬಿರುಸಾದ ತಿರುವಿನಲ್ಲಿ ನಾಲ್ಕು ಸರ್ವೋಗಳೂ ಒಮ್ಮೆಗೇ ಬಲ ಹಾಕಿದವೆನ್ನಿ. ಬೇಸಗೆಯಲ್ಲಿ ಕೆಳಗಿನ ಮನೆಗಳವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದಾಗ ಮಾಳಿಗೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುವಂತೆ, ರಿಸೀವರಿಗೆ ದೊರೆಯುವ ವೋಲ್ಟೇಜು ಕುಸಿಯುತ್ತದೆ. ಸುಮಾರು ಮೂರೂವರೆ ವೋಲ್ಟಿಗಿಂತ ಕೆಳಕ್ಕೆ ಹೋದರೆ ಇಂದಿನ ಅನೇಕ 2.4 ಗಿಗಾಹರ್ಟ್ಸ್ ರಿಸೀವರುಗಳು ಕೆಲಸವನ್ನು ನಿಲ್ಲಿಸಿ, ವಿದ್ಯುತ್ತು ಮರಳಿದಾಗ ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ಆ ಕೆಲವು ಕ್ಷಣ ವಿಮಾನವು ಯಾರದೂ ಅಲ್ಲ. ಬಿದ್ದ ವಿಮಾನದ ಬಳಿಗೆ ಓಡಿಹೋಗಿ ನೋಡಿದರೆ ಅಷ್ಟು ಹೊತ್ತಿಗೆ ಎಲ್ಲ ಸರ್ವೋಗಳೂ ವಿಧೇಯವಾಗಿ ಆಡುತ್ತಿರುತ್ತವೆ. ನೋಡಿದವರು ರೇಡಿಯೋ ಅಡಚಣೆಯನ್ನು ಶಪಿಸುತ್ತಾರೆ.

ಹಳೆಯ ಮಾದರಿಯ, ಎಂದರೆ ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಕಳೆಯುವ ಜಾತಿಯ ಬಿ.ಇ.ಸಿ.ಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೂರು ಕೋಶಗಳ ಲಿಥಿಯಂ ಬ್ಯಾಟರಿಯ 11.1 ವೋಲ್ಟನ್ನು 5ಕ್ಕೆ ಇಳಿಸುತ್ತ 2 ಆಂಪಿಯರ್ ಕೊಡಬೇಕಾದರೆ, ಮಿಕ್ಕ 6.1 ವೋಲ್ಟು 2 ಆಂಪಿಯರಿನೊಡನೆ ಗುಣಿತವಾಗಿ ಸುಮಾರು 12 ವ್ಯಾಟ್ ಶಾಖವಾಗುತ್ತದೆ. ಗಾಳಿಯಾಡದ ಥರ್ಮೊಕೋಲಿನ ಹೊಟ್ಟೆಯೊಳಗೆ ಬೆರಳಗಲದ ಒಂದು ಹಲಗೆ ಅದನ್ನು ಎಷ್ಟು ಹೊತ್ತು ತಾಳೀತು? ಇದನ್ನು ಪರೀಕ್ಷಿಸುವ ವಿಧಾನ ಸರಳ. ರಿಸೀವರಿನ ಖಾಲಿ ಇರುವ ಒಂದು ಸಾಲಿಗೆ ವೋಲ್ಟ್‌ಮೀಟರನ್ನು ಜೋಡಿಸಿ, ಎರಡು ಸ್ಟಿಕ್ಕುಗಳನ್ನೂ ಒಟ್ಟಿಗೆ ಒಂದು ನಿಮಿಷದವರೆಗೆ ಬಿರುಸಾಗಿ ತಿರುಗಿಸುತ್ತ, ಸ್ನೇಹಿತರೊಬ್ಬರು ಫಲಕಗಳನ್ನು ಬೆರಳಿನಿಂದ ಮೆಲ್ಲಗೆ ತಡೆಯುತ್ತಿರಲು, ಮೀಟರಿನ ಅಂಕಿ ಎಷ್ಟು ಇಳಿಯುತ್ತದೆಂದು ಗಮನಿಸಬೇಕು. 5 ವೋಲ್ಟು ನಾಲ್ಕೂವರೆಗೆ ಇಳಿದರೇ ನಾನಾದರೆ ಆ ವಿಮಾನವನ್ನು ಹಾರಿಸಲೊಲ್ಲೆ. ಪ್ರತ್ಯೇಕವಾದ ಸ್ವಿಚಿಂಗ್ ಬಿ.ಇ.ಸಿ.ಯನ್ನೋ, ರಿಸೀವರಿಗೆಂದೇ ಬೇರೊಂದು ಬ್ಯಾಟರಿಯನ್ನೋ ಕೊಡುವುದಕ್ಕೆ ತಗಲುವ ಖರ್ಚು ಒಂದು ರೆಕ್ಕೆಯ ಬೆಲೆಗಿಂತ ಕಡಿಮೆ.

ತಂತಿಗಳ ವಿಷಯವನ್ನು ಬೇಗ ಮುಗಿಸಬಹುದು. ಸರ್ವೋವಿಗೆ ಬರುವ ಮೂರು ತಂತಿಗಳಲ್ಲಿ ನಡುವಿನದು ಸಾಮಾನ್ಯವಾಗಿ ಧನ, ಒಂದು ಪಕ್ಕದ್ದು ಋಣ, ಇನ್ನೊಂದು ಪಕ್ಕದ್ದು ಸಂಕೇತ. ಧನವು ನಡುವಿರುವುದರಿಂದ ಪ್ಲಗ್ಗನ್ನು ತಿರುಗುಮುರುಗಾಗಿ ಚುಚ್ಚಿದರೆ ಸರ್ವೋ ಸುಡದೆ ಸುಮ್ಮನಿರುತ್ತದೆ, ಅಷ್ಟೆ. ಸತ್ತಂತಿರುವ ಹೊಸ ಸರ್ವೋವನ್ನು ಹಿಂದಿರುಗಿಸಲು ಹೊರಡುವ ಮುನ್ನ ಇದನ್ನು ನೋಡತಕ್ಕದ್ದು. ಪ್ಲಗ್ಗಿನೊಳಗಿನ ಲೋಹದ ನಾಲಗೆ ಸಡಿಲಾಗುವುದು, ರೆಕ್ಕೆಯನ್ನು ಕೂರಿಸುವಾಗ ತಂತಿ ನಜ್ಜಾಗುವುದು, ಮಳೆಗಾಲದ ತೇವಕ್ಕೆ ಸಂಪರ್ಕಗಳು ಕಿಲುಬುಹಿಡಿಯುವುದು, ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಋಣತಂತಿಯು ಹೊರಪೊರೆಯ ಒಳಗೇ ಕಪ್ಪಾಗಿ ಕೊಳೆಯುವುದು, ಇವು ಸಾಮಾನ್ಯ ದೋಷಗಳು. ಸ್ಟಿಕ್ಕನ್ನು ಮುಟ್ಟದೆ ತಂತಿಯನ್ನು ಮಾತ್ರ ಅಂಗುಲ ಅಂಗುಲವಾಗಿ ಬಾಗಿಸುತ್ತ ಹೋದಾಗ ಸರ್ವೋ ಎಲ್ಲಿ ಮಿಡುಕುತ್ತದೆಯೋ ಅಲ್ಲಿ ತಂತಿ ತುಂಡಾಗಿದೆ. ಸಂದೇಹವು ರಿಸೀವರಿನ ಮೇಲಿದ್ದರೆ, ನಡುಗುವ ಸರ್ವೋವಿನ ಪ್ಲಗ್ಗನ್ನು ಇನ್ನೊಂದು ಚಾನೆಲ್ಲಿಗೆ ಹಾಕಬೇಕು. ನಡುಕವು ಸರ್ವೋವಿನೊಡನೆ ಹೋದರೆ ದೋಷವು ಸರ್ವೋವಿನದು, ಹಳೆಯ ಚಾನೆಲ್ಲಿನಲ್ಲಿಯೇ ಉಳಿದರೆ ಸರ್ವೋವಿನದಲ್ಲ.

ಇಷ್ಟನ್ನೆಲ್ಲ ದಾಟಿಬಂದ ತರುವಾಯ ಸರ್ವೋವನ್ನು ಅಪರಾಧಿಯೆನ್ನಲು ಅಧಿಕಾರ ಬರುತ್ತದೆ. ಅದರ ದೋಷಗಳೂ ತಮ್ಮ ತಮ್ಮ ಗುರುತುಗಳನ್ನು ಹೊತ್ತೇ ಬರುತ್ತವೆ. ಸ್ಟಿಕ್ಕನ್ನು ಅತಿ ನಿಧಾನವಾಗಿ ಸರಿಸುವಾಗ ತೋಳು ಒಂದೇ ಒಂದು ಜಾಗದಲ್ಲಿ ಬೆದರಿದಂತೆ ಹಾರಿ, ಆ ಜಾಗವನ್ನು ದಾಟಿದೊಡನೆ ಶಾಂತವಾಗುವುದಾದರೆ, ಪೊಟೆನ್ಷಿಯೋಮೀಟರಿನ ಪಟ್ಟಿಯು ಅಲ್ಲಿ ಸವೆದಿದೆ. ಈ ಸವೆತವು ಹೆಚ್ಚಾಗಿ ನಡುಬಿಂದುವಿನ ಸುತ್ತಲೇ ಇರುತ್ತದೆ. ಏಕೆಂದರೆ ಹಾರಾಟದ ಬಹುಭಾಗವನ್ನು ಸರ್ವೋ ಕಳೆಯುವುದು ಅಲ್ಲಿ, ಎಂಜಿನಿನ ಕಂಪನವು ಅದನ್ನು ಉಜ್ಜುವುದೂ ಅಲ್ಲಿ. ಈ ಕಾರಣದಿಂದಲೇ ಎಂಜಿನ್ ವಿಮಾನಗಳಲ್ಲಿ ಸರ್ವೋವನ್ನು ರಬ್ಬರ್ ಬಿಲ್ಲೆಗಳ ಮೇಲೆ ಕೂರಿಸುತ್ತಾರೆ, ಆ ಬಿಲ್ಲೆಗಳೊಳಗೆ ಹಿತ್ತಾಳೆಯ ಪುಟ್ಟ ಕೊಳವೆಯನ್ನು ಅದರ ಅಗಲವಾದ ಅಂಚು ಮರದ ಕಡೆಗಿರುವಂತೆ ಸೇರಿಸುತ್ತಾರೆ. ಸ್ಕ್ರೂವನ್ನು ಎಷ್ಟು ಬಿಗಿದರೂ ರಬ್ಬರು ಅಪ್ಪಚ್ಚಿಯಾಗದಂತೆ ಆ ಕೊಳವೆಯೇ ತಡೆಯುತ್ತದೆ. ಕೊಳವೆಯನ್ನು ಬಿಟ್ಟು ಬರೀ ಸ್ಕ್ರೂ ಬಿಗಿದವರು ರಬ್ಬರಿನ ಉಪಯೋಗವನ್ನೇ ಕಳೆದುಕೊಂಡಂತೆ. ಮೋಟಾರು ತಿರುಗುವ ಸದ್ದು ಕೇಳುತ್ತಿದ್ದರೂ ತೋಳು ನಿಂತಲ್ಲಿಯೇ ನಿಂತಿದ್ದರೆ, ಮೊದಲು ತೋಳಿನ ನಡುವಿನ ಸ್ಕ್ರೂ ಇದೆಯೇ ಎಂದು ನೋಡಬೇಕು. ಅದನ್ನು ಹಾಕಲು ಮರೆತು ಹಾರಿಸಿದವರು ಪ್ರತಿಯೊಂದು ಮೈದಾನದಲ್ಲಿಯೂ ಸಿಕ್ಕುತ್ತಾರೆ. ಸ್ಕ್ರೂ ಇದ್ದೂ ತೋಳು ತಿರುಗದಿದ್ದರೆ ಅಥವಾ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಸಲವೂ ಜಾರಿದರೆ ಗೇರಿನ ಹಲ್ಲು ಹೋಗಿದೆ. ಸದ್ದೂ ಇಲ್ಲದೆ ಸ್ಪಂದನವೂ ಇಲ್ಲದೆ ಮೂಸಿದಾಗ ಸುಟ್ಟ ವಾಸನೆಯಿದ್ದರೆ ಮೋಟಾರೋ ವಿದ್ಯುನ್ಮಂಡಲವೋ ಮುಗಿದಿದೆ.

ಗೇರುಗಳು ಮುರಿಯುವುದಕ್ಕೆ ಬಿರುಸಾದ ಇಳಿತದಷ್ಟೇ ದೊಡ್ಡ ಕಾರಣವೊಂದಿದೆ. ಅದನ್ನು ಫ್ಲಟರ್ ಎನ್ನುತ್ತಾರೆ. ವೇಗವು ಒಂದು ಮಿತಿಯನ್ನು ಮೀರಿದಾಗ, ಸಡಿಲವಾದ ಅಥವಾ ಬಳುಕುವ ಸಂಪರ್ಕವುಳ್ಳ ಫಲಕವು ಗಾಳಿಯಿಂದಲೇ ಶಕ್ತಿಯನ್ನು ಹೀರಿಕೊಂಡು ತನ್ನಷ್ಟಕ್ಕೆ ತಾನೇ ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ನೆಲದ ಮೇಲಿರುವವನಿಗೆ ಅದು ದಪ್ಪನೆಯ ಒಂದು ಝೇಂಕಾರವಾಗಿ ಕೇಳಿಸುತ್ತದೆ. ಕೇಳಿಸಿದೊಡನೆ ಥ್ರಾಟಲನ್ನು ಪೂರ್ತಿ ಇಳಿಸಿ, ಮೂಗನ್ನು ಮೆಲ್ಲನೆ ಎತ್ತಿ ವೇಗವನ್ನು ಕುಗ್ಗಿಸುವುದೊಂದೇ ಉಪಾಯ. ಹೀಗೆ ಬದುಕಿಬಂದ ವಿಮಾನವನ್ನು ಅದೇ ದಿನ ಮತ್ತೆ ಹಾರಿಸಬಾರದು. ಆ ಕೆಲವು ಕ್ಷಣಗಳ ಬಡಿತದಲ್ಲಿ ಕೀಲುಗಳು ಹರಿದಿರಬಹುದು, ಗೇರಿನ ಹಲ್ಲುಗಳು ಅರ್ಧ ಸೀಳಿ ಇನ್ನೂ ಅಂಟಿಕೊಂಡಿರಬಹುದು. ಸರ್ವೋವನ್ನು ಬಿಚ್ಚಿ ನೋಡದೆ ಅದನ್ನು ನಂಬುವಂತಿಲ್ಲ. ಹೊಸ ಗೇರುಗಳನ್ನು ಹಾಕಿದರೂ, ಫ್ಲಟರಿಗೆ ದಾರಿಮಾಡಿದ ಸಡಿಲವನ್ನು ಹಾಗೆಯೇ ಬಿಟ್ಟರೆ ಅದು ಮುಂದಿನ ಧುಮುಕಿನಲ್ಲಿ ಮರಳಿ ಬರುತ್ತದೆ.

ದುರಸ್ತಿ ಮಾಡುವುದು ಯಾವಾಗ, ಎಸೆಯುವುದು ಯಾವಾಗ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ದೊಡ್ಡ ಸರ್ವೋಗಳಿಗೆ ಗೇರುಗಳ ಕಟ್ಟು ಬೇರೆಯಾಗಿ ಸಿಕ್ಕುತ್ತದೆ. ಅವುಗಳನ್ನು ಬಿಚ್ಚುವಾಗ ಗೇರುಗಳ ಕ್ರಮವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಹಳೆಯ ಗ್ರೀಸಿನಲ್ಲಿ ಸಿಕ್ಕಿಕೊಂಡ ಮುರಿದ ಹಲ್ಲಿನ ಚೂರನ್ನು ಒಂದನ್ನೂ ಬಿಡದೆ ತೆಗೆದು, ಹೊಸ ಗೇರುಗಳನ್ನು ಕೂರಿಸುವುದು ತಾಳ್ಮೆಯುಳ್ಳ ಹೈಸ್ಕೂಲು ವಿದ್ಯಾರ್ಥಿಗೂ ಸಾಧ್ಯ. ಒಂಬತ್ತು ಗ್ರಾಮಿನ ಅಗ್ಗದ ಸರ್ವೋವಿನಲ್ಲಿ ಪೊಟೆನ್ಷಿಯೋಮೀಟರು ಸವೆದಿದ್ದರೆ ಅದಕ್ಕೆ ಔಷಧವಿಲ್ಲ. ಅದನ್ನು ಸ್ಪ್ರೇ ಹೊಡೆದು ಒಂದು ವಾರದ ಮಟ್ಟಿಗೆ ಸುಮ್ಮನಾಗಿಸಬಹುದಾದರೂ, ಮತ್ತೆ ವಿಮಾನದಲ್ಲಿ ಕೂರಿಸುವುದು ತಪ್ಪು. ರೊಬಾಟ್ ಕಟ್ಟುವ ಮಕ್ಕಳಿಗೆ ಕೊಟ್ಟರೆ ನೆಲದ ಮೇಲಿನ ಕೆಲಸಕ್ಕೆ ಇನ್ನೂ ಬಹುಕಾಲ ಉಪಯೋಗವಾದೀತು. ಎರಡು ಕಿಲೋಗ್ರಾಂ ತೂಗುವ ಮಾದರಿಯೊಂದು ವೇಗವಾಗಿ ಬಂದು ತಲೆಗೆ ಬಡಿದರೆ ಮನುಷ್ಯನ ಪ್ರಾಣಕ್ಕೆ ಅಪಾಯವಾಗಬಲ್ಲದಾದುದರಿಂದ, ಇಲ್ಲಿ ಮಿತವ್ಯಯವು ಗುಣವೆನಿಸದು. ಬಿದ್ದ ವಿಮಾನದಿಂದ ತೆಗೆದ ಸರ್ವೋವನ್ನು, ಅದು ಹೊರಗೆ ಎಷ್ಟೇ ಅಂದವಾಗಿದ್ದರೂ, ಸರ್ವೋ ಟೆಸ್ಟರಿಗೆ ಜೋಡಿಸಿ ಬಹಳ ಹೊತ್ತು ಆಡಿಸಿ ನೋಡದೆ ಎಲಿವೇಟರಿಗೆ ಹಾಕಬಾರದು.

ದೋಷವನ್ನು ಕಂಡುಹಿಡಿದು, ಸರ್ವೋವನ್ನೋ ರಿಸೀವರನ್ನೋ ಬದಲಾಯಿಸಿ, ಎಲ್ಲವೂ ಮತ್ತೆ ಆಡತೊಡಗಿದ ಸಂತೋಷದಲ್ಲಿ ಒಂದು ಪರೀಕ್ಷೆಯನ್ನು ಮರೆಯುವವರು ಬಹಳ ಮಂದಿ. ಹೊಸ ಸರ್ವೋ ಹಳೆಯದು ತಿರುಗುತ್ತಿದ್ದ ದಿಕ್ಕಿಗೇ ತಿರುಗಬೇಕೆಂಬ ನಿಯಮವಿಲ್ಲ. ದುರಸ್ತಿಯ ಅನಂತರದ ಮೊದಲ ಹಾರಾಟದಲ್ಲಿ ಚೂರಾದ ವಿಮಾನಗಳಲ್ಲಿ ತಿರುಗುಮುರುಗಾದ ಐಲರಾನಿಗೆ ಬಲಿಯಾದವು ಎಷ್ಟೋ. ಆದಕಾರಣ, ವಿಮಾನದ ಹಿಂದೆ, ಅದರ ಬಾಲದ ಕಡೆಯಿಂದ ಮೂಗಿನ ಕಡೆಗೆ ಮುಖಮಾಡಿ ನಿಂತು, ಸ್ಟಿಕ್ಕನ್ನು ಬಲಕ್ಕೆ ಸರಿಸಿರಿ: ಬಲರೆಕ್ಕೆಯ ಐಲರಾನ್ ಮೇಲೇಳಬೇಕು, ಎಡರೆಕ್ಕೆಯದು ಕೆಳಗಿಳಿಯಬೇಕು. ಎಲಿವೇಟರಿನ ಸ್ಟಿಕ್ಕನ್ನು ನಿಮ್ಮತ್ತ ಎಳೆಯಿರಿ: ಬಾಲದ ಫಲಕವು ಮೇಲೇಳಬೇಕು. ರಡ್ಡರಿನ ಸ್ಟಿಕ್ಕನ್ನು ಬಲಕ್ಕೆ ಸರಿಸಿದರೆ ರಡ್ಡರಿನ ಹಿಂದಂಚು ಬಲಕ್ಕೆ ಹೋಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ, ಒಂದು ಸರ್ವೋ ಒಂದೇ ಒಂದು ಸಲ ಕಾರಣವಿಲ್ಲದೆ ಮಿಡುಕಿದರೂ, ದಯವಿಟ್ಟು ಆ ದಿನ ವಿಮಾನವನ್ನು ಮನೆಗೆ ಹಿಂದಕ್ಕೆ ಕೊಂಡೊಯ್ಯಿರಿ. ಮೈದಾನದ ಅಂಚಿನಲ್ಲಿ ನೋಡುತ್ತ ನಿಂತಿರುವವರಲ್ಲಿ ಮಕ್ಕಳೂ ಇರುತ್ತಾರೆ.